ಗೆಳತಿಯ ಉತ್ತರ ತಡವಾದರೆ ಮಗಳಿಗೆ ಊಟವೂ ಬೇಡ: ಇದು ಗಾಢ ಸ್ನೇಹವೇ?

ಪ್ರಶ್ನೆ: ಮಗಳಿಗೆ 14 ವರ್ಷ, ಒಬ್ಬಳೇ ಆಪ್ತ ಗೆಳತಿ. ಮೆಸೇಜಿಗೆ ಹತ್ತು ನಿಮಿಷ ಉತ್ತರ ಬರದಿದ್ದರೆ ಚಡಪಡಿಕೆ. "ನನ್ನ ಮೇಲೆ ಕೋಪಾನಾ?" ಅಂತ ಮತ್ತೆ ಮತ್ತೆ ಕಳಿಸುತ್ತಾಳೆ. ಫೋನ್ ಕಿತ್ತಿಟ್ಟುಕೊಳ್ಳಲೇ?

ಉತ್ತರ (ಆಪ್ತಸಮಾಲೋಚಕಿ): ಬೇಡ. ಫೋನ್ ಹೋದರೆ ಮೌನ ಇನ್ನೂ ಉದ್ದವಾಗುತ್ತದೆ, ಭಯವೂ ಬೆಳೆಯುತ್ತದೆ.

ಎಷ್ಟು ಹಚ್ಚಿಕೊಂಡಿದ್ದಾಳೆ ಅನ್ನುವುದರಿಂದ ಸ್ನೇಹ ಎಷ್ಟು ಗಟ್ಟಿ ಅಂತ ತಿಳಿಯದು. ಆರ್ಮ್ಸ್‌ಡನ್ ಮತ್ತು ಗ್ರೀನ್‌ಬರ್ಗ್ ಎಂಬ ಸಂಶೋಧಕರು 1987ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ಗೆಳೆಯರೊಂದಿಗಿನ ಬಾಂಧವ್ಯದಲ್ಲಿ ನಂಬಿಕೆ, ಮಾತುಕತೆ, ಪರಕೀಯ ಭಾವ (ತಾನು ಹೊರಗಿನವಳು ಅನ್ನಿಸುವುದು) ಎಂಬ ಮೂರನ್ನು ಬೇರೆಬೇರೆಯಾಗಿ ಅಳೆಯುತ್ತದೆ. ದಿನವಿಡೀ ಮಾತಾಡುವವರ ನಡುವೆಯೂ ನಂಬಿಕೆ ತೆಳ್ಳಗಿರಬಹುದು. ನಿಮ್ಮ ಮಗಳು ಕೇಳುತ್ತಿರುವುದು ಭರವಸೆ. ಅದು ಸಿಕ್ಕರೂ ಸಮಾಧಾನ ಸ್ವಲ್ಪ ಹೊತ್ತು ಮಾತ್ರ, ಮತ್ತೆ ಕೇಳುತ್ತಾಳೆ. ಗೆಳತಿ ಬೇಸತ್ತು ಉತ್ತರಿಸುವುದನ್ನು ತಡಮಾಡುತ್ತಾಳೆ. ಆ ತಡವೇ "ನೋಡು, ಕೋಪ ನಿಜ" ಅನ್ನುವುದಕ್ಕೆ ಸಾಕ್ಷಿಯಾಗುತ್ತದೆ. ಸ್ನೇಹ ಸವೆಯುವುದು ಹೀಗೆ.

ಎರಡನೇ ಮೆಸೇಜಿಗೆ ಮುನ್ನ 15 ನಿಮಿಷ ಕಾಯಲಿ. ಆ ಹೊತ್ತಿನಲ್ಲಿ ಒಂದು ಚೀಟಿಯಲ್ಲಿ ಮನಸ್ಸಿಗೆ ಬಂದ ಕಾರಣ ಬರೆದು, ಕೆಳಗೆ ಬೇರೆ ಎರಡು ಕಾರಣ ಬರೆಯಲಿ: ಸ್ನಾನಕ್ಕೆ ಹೋಗಿರಬಹುದು, ಚಾರ್ಜ್ ಮುಗಿದಿರಬಹುದು. ಉತ್ತರ ಬಂದಾಗ ಯಾವುದು ನಿಜವಾಯಿತೋ ಅದಕ್ಕೆ ಗುರುತು ಹಾಕಲಿ. ವಾರದ ನಂತರ ಅರ್ಧ ಗಂಟೆಗೆ ಏರಿಸಿ. ಇಲ್ಲಿ ಪೋಷಕರು ಎಡವುವುದು ಒಂದೇ ಕಡೆ: "ಅವಳಿಗೇನೂ ಕೋಪ ಇರಲ್ಲ ಬಿಡು" ಅಂದುಬಿಡುತ್ತಾರೆ. ಆಗ ಭರವಸೆ ಕೊಡುವ ಕೆಲಸ ಗೆಳತಿಯಿಂದ ನಿಮಗೆ ವರ್ಗವಾಯಿತು, ಅಷ್ಟೇ. "ಕಾಯೋದು ಕಷ್ಟ, ಗೊತ್ತು" ಅನ್ನಿ, ಸಾಕು.

ಮುನಿಸಾದ ಮರುದಿನವನ್ನೂ ಗಮನಿಸಿ. ಸಾರಿ ಕೇಳುವವಳು ಯಾವಾಗಲೂ ಇವಳೇನಾ? ಗೆಳತಿಗೆ ಹಿಡಿಸದ ಮಾತನ್ನೂ ಇವಳು ಬಾಯಿಬಿಟ್ಟು ಹೇಳುತ್ತಾಳಾ? ಬೇರೆ ಅಭಿಪ್ರಾಯ ಹೇಳಿಯೂ ಉಳಿಯುವ ಸ್ನೇಹದಲ್ಲಿ ಭದ್ರತೆ ಇದೆ. ಜಗಳವೇ ಇಲ್ಲ ಅನ್ನುವುದು ನನಗಂತೂ ಒಳ್ಳೆಯ ಸೂಚನೆ ಅನ್ನಿಸುವುದಿಲ್ಲ.

ಮರುಪ್ರಶ್ನೆ: ಇಬ್ಬರೂ ರಾತ್ರಿ ಗಂಟೆಗಟ್ಟಲೆ ಕಷ್ಟ ಹೇಳಿಕೊಳ್ಳುತ್ತಾರೆ. ಅದಾದರೂ ಒಳ್ಳೆಯದಲ್ಲವೇ?

ಉತ್ತರ (ಮಕ್ಕಳ ಮನಶ್ಶಾಸ್ತ್ರಜ್ಞ): ಹೇಳಿಕೊಳ್ಳುವುದು ಒಳ್ಳೆಯದು, ಅದೇ ನೋವನ್ನು ಮೆಲುಕು ಹಾಕುತ್ತಲೇ ಇರುವುದು ಬೇರೆ. ಹೀಗೆ ಜೊತೆಯಾಗಿ ಮೆಲುಕು ಹಾಕುವ ಮಕ್ಕಳಲ್ಲಿ ಆಪ್ತತೆಯ ಜೊತೆಗೆ ಖಿನ್ನತೆ, ಆತಂಕದ ಲಕ್ಷಣಗಳೂ ಹೆಚ್ಚಿರುವುದನ್ನು ಮನಶ್ಶಾಸ್ತ್ರಜ್ಞೆ ಅಮಾಂಡಾ ರೋಸ್ 2002ರಲ್ಲಿ ತೋರಿಸಿದರು. ಮಾತು ನಿಲ್ಲಿಸಬೇಡಿ. ಕೊನೆಗೆ "ನಾಳೆ ಇದಕ್ಕೆ ಏನು ಮಾಡೋಣ?" ಅಂತ ಒಬ್ಬರಿಗೊಬ್ಬರು ಕೇಳುವುದನ್ನು ಕಲಿಸಿ. ಎರಡು ವಾರ ನಿದ್ದೆ, ಊಟ ಕೆಟ್ಟರೆ ತಜ್ಞರಿಗೆ ತೋರಿಸಿ. ಸಾಯುವ ಮಾತು ಬಂದರೆ ಎರಡು ವಾರ ಕಾಯಬೇಡಿ, ಅಂದೇ ಕರೆದೊಯ್ಯಿರಿ.