ಸ್ಕ್ಯಾನ್‌ನಲ್ಲಿ ಹೃದಯಬಡಿತ ಇಲ್ಲ ಎಂದರು: ಮಾತ್ರೆಯೋ, ಕ್ಲೀನಿಂಗೋ, ಕಾಯುವುದೋ?

ಪ್ರಶ್ನೆ:
ಡಾಕ್ಟರ್, ಇದು ನನ್ನ ಮೊದಲ ಗರ್ಭ. ಲೆಕ್ಕದ ಪ್ರಕಾರ ಹತ್ತು ವಾರ ತುಂಬಿದೆ. ನಿನ್ನೆ ಸ್ಕ್ಯಾನ್ ಮಾಡಿದವರು ಭ್ರೂಣ 16 ಮಿಲಿಮೀಟರಿಗೇ ನಿಂತಿದೆ, ಹೃದಯಬಡಿತ ಇಲ್ಲ ಎಂದರು. ಹಿಂದಿನ ಸ್ಕ್ಯಾನ್‌ನಲ್ಲಿ ಆ ಬಡಿತವನ್ನು ಕಣ್ಣಾರೆ ಕಂಡಿದ್ದೆ. ರಕ್ತ ಹೋಗಿಲ್ಲ, ನೋವಿಲ್ಲ, ವಾಕರಿಕೆ ಇನ್ನೂ ಇದೆ. ಹಾಗಿದ್ದೂ ಇದು ನಿಜವೇ? ನಾಳೆಯೇ ಕ್ಲೀನಿಂಗ್ ಮಾಡಿಸಿ ಎನ್ನುತ್ತಾರೆ. ಮಾತ್ರೆ ಸಾಕು ಎಂದು ಅಕ್ಕ, ತಾನಾಗಿಯೇ ಹೋಗಲಿ ಎಂದು ಅಮ್ಮ. ಕಳೆದ ವಾರ ಭಾರದ ಪೆಟ್ಟಿಗೆಯೊಂದನ್ನು ಎತ್ತಿದ್ದೆ. ಅದರಿಂದಲೇ ಹೀಗಾಯಿತೇ?

ಉತ್ತರ (ಸ್ತ್ರೀರೋಗ ತಜ್ಞೆ):
ಕೊನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ. ಅಲ್ಲ. ಪೆಟ್ಟಿಗೆ ಎತ್ತಿದ್ದರಿಂದ ಆಗಿಲ್ಲ, ಮೆಟ್ಟಿಲು ಹತ್ತಿದ್ದರಿಂದ, ಪ್ರಯಾಣದಿಂದ, ಗಂಡನೊಡನೆ ಕೂಡಿದ್ದರಿಂದ ಆಗಿಲ್ಲ. ಮೊದಲ ಮೂರು ತಿಂಗಳಲ್ಲಿ ನಿಲ್ಲುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ಅಂಡಾಣು ಮತ್ತು ವೀರ್ಯಾಣು ಸೇರುವ ಹೊತ್ತಿಗೇ ಅದು ಆಗಿಹೋಗಿರುತ್ತದೆ. ಅಲ್ಲದೆ ನಿಮ್ಮ ಭ್ರೂಣದ ಅಳತೆ ಎಂಟು ವಾರದ್ದು. ನೀವು ಪೆಟ್ಟಿಗೆ ಎತ್ತುವ ಮೊದಲೇ ಅದರ ಬೆಳವಣಿಗೆ ನಿಂತಿತ್ತು.

ಸ್ಕ್ಯಾನ್ ತಪ್ಪಿರಬಹುದೇ ಎಂಬ ಆಸೆ ಸಹಜ. ಭ್ರೂಣ 7 ಮಿಲಿಮೀಟರಿಗಿಂತ ಚಿಕ್ಕದಿದ್ದು ಬಡಿತ ಕಾಣದಿದ್ದರೆ ನಾವು ತೀರ್ಮಾನ ಹೇಳುವುದಿಲ್ಲ, ಕೆಲವು ದಿನ ಬಿಟ್ಟು ಮತ್ತೆ ನೋಡುತ್ತೇವೆ. ನಿಮ್ಮದು 16, ಅದೂ ಹಿಂದೆ ಕಂಡ ಬಡಿತ ಈಗಿಲ್ಲ. ವೈದ್ಯಕೀಯವಾಗಿ ಅನುಮಾನಕ್ಕೆ ಜಾಗವಿಲ್ಲ. ಆದರೂ ಇನ್ನೊಮ್ಮೆ ನೋಡಿದರೇ ಮನಸ್ಸು ಒಪ್ಪುವುದು ಎಂದಾದರೆ ಸಂಕೋಚವಿಲ್ಲದೆ ಕೇಳಿ. ಗರ್ಭದ ಹಾರ್ಮೋನು ಇಳಿಯಲು ಸಮಯ ಹಿಡಿಯುತ್ತದೆ. ಆದ್ದರಿಂದಲೇ ವಾಕರಿಕೆ ಉಳಿದಿದೆ.

ನಾಳೆಯೇ ನಿರ್ಧರಿಸಲೇಬೇಕೆಂಬ ಒತ್ತಡ ಬೇಡ. ಜ್ವರ, ದುರ್ವಾಸನೆಯ ಸ್ರಾವ, ವಿಪರೀತ ರಕ್ತಸ್ರಾವ ಇಲ್ಲದಿದ್ದರೆ ಕೆಲವು ದಿನ ಯೋಚಿಸುವುದರಿಂದ ಅಪಾಯವಿಲ್ಲ. ಮೂರು ದಾರಿಗಳೂ ಸುರಕ್ಷಿತ. ಮುಂದಿನ ಗರ್ಭಧಾರಣೆಯ ಸಾಧ್ಯತೆಯಲ್ಲೂ ದೊಡ್ಡ ವ್ಯತ್ಯಾಸವಿಲ್ಲ. ಹಾಗಾಗಿ ಇಲ್ಲಿ ನಿಮ್ಮ ಇಷ್ಟಕ್ಕೆ ನಿಜವಾದ ತೂಕವಿದೆ.

ಕಾಯುವುದಾದರೆ ಯಾವ ದಿನ, ಯಾವ ಹೊತ್ತಿಗೆ ಶುರುವಾಗುತ್ತದೆ ಎಂದು ಯಾರೂ ಹೇಳಲಾರರು. ಕೆಲವರಿಗೆ ವಾರಗಳೇ ಹಿಡಿಯುತ್ತವೆ. ಆಗಲೇ ರಕ್ತಸ್ರಾವ ಆರಂಭವಾದವರಿಗೆ ಇದು ಚೆನ್ನಾಗಿ ಒಗ್ಗುತ್ತದೆ, ನಿಮ್ಮಂತೆ ಯಾವ ಲಕ್ಷಣವೂ ಇಲ್ಲದವರಿಗೆ ಅಷ್ಟಾಗಿ ಅಲ್ಲ.

ಮಾತ್ರೆಯಾದರೆ ಮಿಫೆಪ್ರಿಸ್ಟೋನ್ ಮೊದಲು ಕೊಟ್ಟು, ಒಂದೆರಡು ದಿನದ ನಂತರ ಮಿಸೊಪ್ರೊಸ್ಟಾಲ್ ಕೊಡುವುದು ಒಳ್ಳೆಯದು. 2018ರಲ್ಲಿ ಪ್ರಕಟವಾದ 300 ಮಹಿಳೆಯರ ಅಧ್ಯಯನದಲ್ಲಿ, ಎರಡನ್ನೂ ಪಡೆದವರಲ್ಲಿ ಶೇ. 84ರಷ್ಟು ಮಂದಿಗೆ ಒಂದೇ ಸುತ್ತಿನಲ್ಲಿ ಗರ್ಭಕೋಶ ಖಾಲಿಯಾಯಿತು. ಮಿಸೊಪ್ರೊಸ್ಟಾಲ್ ಮಾತ್ರ ಪಡೆದವರಲ್ಲಿ ಅದು ಶೇ. 67. ಆದರೆ ವೈದ್ಯರಿಲ್ಲದೆ ಔಷಧದಂಗಡಿಯಿಂದ ತಂದು ನುಂಗುವ ಮಾತ್ರೆ ಇದಲ್ಲ. ಗರ್ಭವು ಗರ್ಭಕೋಶದ ಹೊರಗೆ, ಅಂಡನಾಳದಲ್ಲಿ ನೆಲೆಸಿಲ್ಲ ಎಂದು ಖಚಿತವಾಗಿರಬೇಕು. ತೀವ್ರ ರಕ್ತಹೀನತೆ ಇರುವವರಿಗೆ, ರಕ್ತ ತೆಳುವಾಗಿಸುವ ಔಷಧ ಅಥವಾ ದೀರ್ಘಕಾಲ ಸ್ಟೀರಾಯ್ಡ್ ಸೇವಿಸುವವರಿಗೆ ಬೇರೆ ಯೋಚನೆ ಬೇಕು.

ಕ್ಲೀನಿಂಗ್ ಎನ್ನುವುದು ಹತ್ತು ನಿಮಿಷದ ಆಸುಪಾಸಿನ ಕೆಲಸ, ಬಹುತೇಕ ಎಲ್ಲರಿಗೂ ಒಮ್ಮೆಗೇ ಮುಗಿಯುತ್ತದೆ. ಸೋಂಕು ಅಥವಾ ಗರ್ಭಕೋಶಕ್ಕೆ ಗಾಯ ಆಗುವುದು ವಿರಳ. ಯಾವ ವಿಧಾನ ಎಂದು ಮಾತ್ರ ಕೇಳಿಯೇ ಒಪ್ಪಿಗೆ ಕೊಡಿ. ಹೀರುವ ವಿಧಾನವೇ ಆಗಲಿ. ಲೋಹದ ಸಾಧನದಿಂದ ಕೆರೆಯುವ ಹಳೆಯ ಪದ್ಧತಿಯನ್ನು ಬಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಮುಂದಿನ ಗರ್ಭಕ್ಕೆ ತೊಂದರೆಯಾಗದಂತೆ ಕೊಡುವ ಆಂಟಿ-ಡಿ ಚುಚ್ಚುಮದ್ದಿನ ಬಗ್ಗೆಯೂ ಅಂದೇ ವಿಚಾರಿಸಿ.

ಪ್ರಶ್ನೆ (ಅದೇ ಸದಸ್ಯೆ):
ಮನೆಯಲ್ಲಿ ಮಾತ್ರೆ ತೆಗೆದುಕೊಳ್ಳಲು ಮನಸ್ಸಾಗುತ್ತಿದೆ. ಏನು ಕಾಣಿಸುತ್ತದೋ ಎಂಬ ಭಯ. ಯಾರೂ ಅದನ್ನು ಬಿಡಿಸಿ ಹೇಳುತ್ತಿಲ್ಲ.

ಉತ್ತರ:
ಹೇಳಲೇಬೇಕಾದ ಮಾತು ಅದು. ಮೊದಲ ಮಾತ್ರೆ ನುಂಗಿದ ದಿನ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಎರಡನೆಯ ಔಷಧದ ನಂತರ ಕೆಲವೇ ಗಂಟೆಗಳಲ್ಲಿ ಕಿಬ್ಬೊಟ್ಟೆ ಹಿಂಡಲು ಶುರುವಾಗುತ್ತದೆ. ಮುಟ್ಟಿನ ನೋವಿಗಿಂತ ಜೋರಾಗಿಯೇ ಇರುತ್ತದೆ. ನೋವು ಏರುವ ತನಕ ಕಾಯದೆ, ವೈದ್ಯರು ಬರೆದುಕೊಟ್ಟ ನೋವಿನ ಮಾತ್ರೆಯನ್ನು ಮೊದಲೇ ತೆಗೆದುಕೊಳ್ಳಿ. ಚಳಿ, ಸ್ವಲ್ಪ ಜ್ವರ, ಭೇದಿ ಆ ದಿನದ ಮಟ್ಟಿಗೆ ಬಂದುಹೋಗಬಹುದು. ಗಡ್ಡೆಗಡ್ಡೆಯಾಗಿ ರಕ್ತ ಹೋಗುತ್ತದೆ. ನಡುವೆ ಬಿಳಿಚಾದ ಚೀಲದಂಥ ಅಂಗಾಂಶ ಕಾಣಬಹುದು, ನಿಮ್ಮ ವಾರಗಳಿಗೆ ಪುಟ್ಟ ಭ್ರೂಣವೂ ಗುರುತು ಸಿಗಬಹುದು. ನೋಡಬೇಕೋ ಬೇಡವೋ, ಏನು ಮಾಡಬೇಕು ಎಂಬುದನ್ನು ನೀವೂ ಗಂಡನೂ ಮೊದಲೇ ಮಾತಾಡಿಕೊಂಡಿರಿ. ಆ ಗಳಿಗೆಯಲ್ಲಿ ಯೋಚಿಸುವುದು ಕಷ್ಟ. ಅದು ಹೊರಬಂದ ಮೇಲೆ ನೋವು ಸಾಮಾನ್ಯವಾಗಿ ಇಳಿಯುತ್ತದೆ. ಸಣ್ಣ ಸ್ರಾವ ಎರಡು ವಾರದವರೆಗೂ ಇರಬಹುದು.

ಒಬ್ಬರೇ ಇರಬೇಡಿ. ಗಂಟೆಗೆ ಎರಡು ದಪ್ಪ ಪ್ಯಾಡ್ ಪೂರ್ತಿ ತೊಯ್ದು, ಅದು ಸತತ ಎರಡು ಗಂಟೆ ಮುಂದುವರಿದರೆ, ತಲೆಸುತ್ತಿ ಕಣ್ಣು ಕತ್ತಲಿಟ್ಟರೆ, ಮರುದಿನವೂ 38 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಜ್ವರ ಉಳಿದರೆ ಫೋನ್ ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ. ಏನೂ ಹೋಗದಿದ್ದರೂ ವೈದ್ಯರಿಗೆ ತಿಳಿಸಿ. ಇನ್ನೊಂದು ಸುತ್ತು ಮಾತ್ರೆ ಅಥವಾ ಹೀರುವ ವಿಧಾನ ಬೇಕಾಗಬಹುದು. ಇದನ್ನೆಲ್ಲ ಓದಿ ಬೇಡವೆನಿಸಿದರೆ ಕ್ಲೀನಿಂಗ್‌ಗೇ ಹೋಗಿ. ಅದು ಧೈರ್ಯ ಕಡಿಮೆ ಇರುವವರ ಆಯ್ಕೆಯೇನಲ್ಲ.

ಪ್ರಶ್ನೆ (ಇನ್ನೊಬ್ಬ ಸದಸ್ಯರು):
ನನ್ನ ಹೆಂಡತಿಗೆ ಹೀಗಾಗಿ ಒಂದು ತಿಂಗಳ ಮೇಲಾಯಿತು. ದೇಹ ಸರಿಯಾಗಿದೆ. ಆದರೆ ನಿದ್ದೆ ಇಲ್ಲ, ಮಾತಿಲ್ಲ. ಬೇಗ ಇನ್ನೊಂದು ಮಗುವಾದರೆ ಸರಿಹೋಗಬಹುದೇ?

ಉತ್ತರ:
ಆ ಮಾತನ್ನು ದಯವಿಟ್ಟು ಅವರೆದುರು ಆಡಬೇಡಿ. ಅವರು ಕಳೆದುಕೊಂಡದ್ದು ಈ ಮಗುವನ್ನು. "ಚಿಕ್ಕ ವಾರದಲ್ಲೇ ಹೋಯಿತಲ್ಲ, ಪುಣ್ಯ" ಎಂದು ಹೇಳಲು ಬರುವವರನ್ನೂ ನೀವೇ ತಡೆಯಿರಿ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಗರ್ಭ ಕಳೆದುಕೊಂಡ ಒಂದು ತಿಂಗಳಿಗೆ ಶೇ. 29ರಷ್ಟು ಮಹಿಳೆಯರಲ್ಲಿ ಆಘಾತೋತ್ತರ ಒತ್ತಡದ ಲಕ್ಷಣಗಳಿದ್ದವು, ಒಂಬತ್ತು ತಿಂಗಳಾದ ಮೇಲೂ ಶೇ. 18ರಷ್ಟು ಮಂದಿಯಲ್ಲಿ ಉಳಿದಿದ್ದವು. ಹೀಗಾಗಿ ಇದು ಅವರ ದೌರ್ಬಲ್ಯವಲ್ಲ. ನಿದ್ದೆ ಹೋಗಿ ಇಷ್ಟು ದಿನವಾಗಿರುವುದರಿಂದ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಈ ವಾರವೇ ಕಾಣಿ, ನೀವೂ ಜೊತೆಗೆ ಹೋಗಿ. ಬದುಕುವುದೇ ಬೇಡ ಎಂಬ ಮಾತು ಬಂದರೆ ಅಂದೇ ಕರೆದೊಯ್ಯಿರಿ. ನಿಮಗೂ ದುಃಖವಾಗಿದ್ದರೆ ಅವರೆದುರು ಮುಚ್ಚಿಡಬೇಡಿ. ಗಂಡ ಮರೆತೇಬಿಟ್ಟ ಎಂದುಕೊಂಡು ಒಳಗೇ ಕೊರಗುವ ಹೆಂಗಸರನ್ನು ನಾನು ಬಹಳ ಕಂಡಿದ್ದೇನೆ.

ಮುಂದಿನ ಗರ್ಭಕ್ಕೆ ಆರು ತಿಂಗಳು ಕಾಯಲೇಬೇಕೆಂಬ ವೈದ್ಯಕೀಯ ಕಾರಣ ಹೆಚ್ಚಿನವರಿಗೆ ಇಲ್ಲ. ಎರಡೇ ವಾರದಲ್ಲಿ ಅಂಡೋತ್ಪತ್ತಿ ಮರಳಬಹುದು, ಆದ್ದರಿಂದ ಈಗಲೇ ಬೇಡವಾದರೆ ಗರ್ಭನಿರೋಧಕ ಬಳಸಿ. ಯಾವಾಗ ಎನ್ನುವುದನ್ನು ಅವರು ಹೇಳಲಿ.