ಸ್ಕೋರ್ 17 ದಾಟಿದ ಮೇಲೆ ಕೈ ಬಿಗಿಯುತ್ತದೆ: ಮೈಂಡ್‌ಫುಲ್‌ನೆಸ್ ಮಾಡಿದವರ ಅನುಭವ ಬೇಕು

ಕೇಳಿದವರು: ಹಾಸನದ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಎಂಟನೇ ಕ್ಲಾಸು, ಬ್ಯಾಡ್ಮಿಂಟನ್ ಆಡುತ್ತಾಳೆ. ಪ್ರಾಕ್ಟೀಸಿನಲ್ಲಿ ತನಗಿಂತ ದೊಡ್ಡವರನ್ನೂ ಸೋಲಿಸುತ್ತಾಳೆ. ಟೂರ್ನಮೆಂಟಿನಲ್ಲಿ ಗೇಮ್ ಮುಗಿಯುವ ಹಂತಕ್ಕೆ ಬಂದು ಸ್ಕೋರ್ 17 ದಾಟಿತೋ ಇಲ್ಲವೋ, ಕೈ ಬಿಗಿಯುತ್ತದೆ, ಸರ್ವ್ ನೆಟ್‌ಗೆ ಹೋಗುತ್ತದೆ. ಕೋಚ್ ಮೈಂಡ್‌ಫುಲ್‌ನೆಸ್ (ಈ ಕ್ಷಣ ಆಗುತ್ತಿರುವುದನ್ನು ಸುಮ್ಮನೆ ಗಮನಿಸುವ ಅಭ್ಯಾಸ) ಮಾಡಿಸಿ ಅಂದರು. ಯೂಟ್ಯೂಬ್ ನೋಡಿಕೊಂಡು ಕಣ್ಣು ಮುಚ್ಚಿ ಕೂರಿಸಿದರೆ "ಅಮ್ಮಾ, ಯೋಚನೆ ಇನ್ನೂ ಜಾಸ್ತಿ ಬರುತ್ತೆ" ಅಂತಾಳೆ. ಮಾಡಿದವರು, ಮಕ್ಕಳಿಗೆ ಮಾಡಿಸಿದವರು ದಯವಿಟ್ಟು ತಿಳಿಸಿ. ಆಟ ನಿಜಕ್ಕೂ ಸುಧಾರಿಸುತ್ತಾ?

ಏರ್ ಪಿಸ್ತೂಲ್ ಶೂಟರ್, ಬೆಂಗಳೂರು

ಅಕ್ಕ, ಮಗಳು ಹೇಳಿದ್ದು ಸರಿಯಾಗಿಯೇ ಇದೆ. ಯೋಚನೆಗಳು ಮೊದಲೂ ಇದ್ದವು, ಸುಮ್ನೆ ಕೂತಾಗ ಕಾಣಿಸಿದವು. ಅವಳಿಗೆ "ಯೋಚನೆ ನಿಲ್ಲಿಸು" ಅಂತ ಮಾತ್ರ ಹೇಳಬೇಡಿ. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಕೆಲವರಿಗೆ ಬಿಳಿ ಕರಡಿಯನ್ನು ನೆನೆಯಬೇಡಿ ಅಂತ ಹೇಳಿ ನೋಡಿದರು. ಅವರಿಗೆ ಅದೇ ಮತ್ತೆ ಮತ್ತೆ ನೆನಪಿಗೆ ಬಂತು. ಆಮೇಲೆ ನೆನೆಯಬಹುದು ಅಂದಾಗ ಇನ್ನೂ ಜಾಸ್ತಿ ಬಂತು. "ಸರ್ವ್ ನೆಟ್‌ಗೆ ಹೋಗಬಾರದು" ಅಂದುಕೊಳ್ಳುವುದೂ ಇದೇ ಕಥೆ.

ನಾನು ಆಡುವುದು 10 ಮೀಟರ್ ಏರ್ ಪಿಸ್ತೂಲ್. ಗುರಿಯ ನಡುವಿನ, ಹತ್ತು ಪಾಯಿಂಟ್ ಸಿಗುವ ವೃತ್ತ 11.5 ಮಿಲಿಮೀಟರ್ ಅಗಲ. ಎಷ್ಟೇ ಪಳಗಿದ ಕೈಯಾದರೂ ಸ್ವಲ್ಪ ಅಲುಗಾಡುತ್ತಲೇ ಇರುತ್ತದೆ. ಸೈಟ್ (ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಭಾಗ) ಸರಿಯಾಗಿ ಕೂತ ಹಾಗೆ ಕಂಡ ಕ್ಷಣ ಒಳಗಿಂದ "ಈಗ, ಈಗಲೇ ಹೊಡೆ" ಅಂತ ಒಂದು ಅವಸರ ಏಳುತ್ತದೆ. ಅದಕ್ಕೆ ಮಣಿದರೆ ಬೆರಳು ಟ್ರಿಗರನ್ನು ಜಗ್ಗಿಬಿಡುತ್ತದೆ, ಪೆಲೆಟ್ ಏಳಕ್ಕೋ ಎಂಟಕ್ಕೋ ಹೋಗುತ್ತದೆ. ನನಗೆ ಕಲಿಸಿದ ಮೈಂಡ್‌ಫುಲ್‌ನೆಸ್ ಇಷ್ಟೇ: ಅವಸರ ಬಂತು ಅಂತ ಗೊತ್ತುಮಾಡಿಕೊಳ್ಳುವುದು, ಅದರ ಜೊತೆ ಜಗಳಕ್ಕಿಳಿಯದೆ ಕಣ್ಣನ್ನು ಮತ್ತೆ ಫ್ರಂಟ್ ಸೈಟಿಗೆ ತರುವುದು. ಆಗಲಿಲ್ಲವಾ, ಕೈ ಇಳಿಸಿ, ಉಸಿರು ಬಿಟ್ಟು, ಮತ್ತೆ ಎತ್ತುವುದು. ಹೊಡೆಯದೇ ಕೈ ಇಳಿಸುವ ಧೈರ್ಯ ಬಂದದ್ದೇ ನನಗೆ ದೊಡ್ಡ ಲಾಭ. ಎದೆ ಈಗಲೂ ಹೊಡೆದುಕೊಳ್ಳುತ್ತದೆ.

ಫ್ರಾಂಕ್ ಗಾರ್ಡ್ನರ್, ಝೆಲ್ಲಾ ಮೂರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಆಟಗಾರರಿಗೆ ಅಂತಲೇ ರೂಪಿಸಿದ ತರಬೇತಿಯ ತಿರುಳೂ ಇದೇ. ಭಯ ಹೋಗಲಿ ಅಂತ ಕಾಯುವುದಲ್ಲ, ಭಯ ಇರುವಾಗಲೇ ಕೈಯಲ್ಲಿರುವ ಕೆಲಸಕ್ಕೆ ಗಮನ ತರುವುದು.

ಬ್ಯಾಡ್ಮಿಂಟನ್ ಕೋಚ್, ಮಂಗಳೂರು

ಮೇಡಂ, ಕಣ್ಣು ಮುಚ್ಚಿ ಕೂರಲು ಆಗದಿದ್ದರೆ ಸದ್ಯಕ್ಕೆ ಬಿಡಿ. ಅಭ್ಯಾಸವನ್ನು ಕೋರ್ಟಿಗೇ ತನ್ನಿ. ಒಂದು ರ್‍ಯಾಲಿ (ಒಂದು ಪಾಯಿಂಟಿನ ಆಟ) ಮುಗಿದು ಇನ್ನೊಂದು ಶುರುವಾಗುವ ನಡುವೆ ಕೆಲವೇ ಸೆಕೆಂಡು ಸಿಗುತ್ತವೆ. ಮಕ್ಕಳ ಆಟ ಕೆಡುವುದು ಅಲ್ಲೇ. ಪಾಯಿಂಟ್ ಹೋದ ಕೂಡಲೇ ದಡಬಡ ಶಟಲ್ ಎತ್ತಿ ಸರ್ವ್ ಮಾಡಿಬಿಡುತ್ತಾರೆ.

ನಾನು ಹೀಗೆ ಮಾಡಿಸುತ್ತೇನೆ. ಶಟಲ್ ಹತ್ತಿರ ನಡೆದು ಹೋಗುವಾಗ ಉಸಿರನ್ನು ನಿಧಾನವಾಗಿ, ಪೂರ್ತಿ ಹೊರಗೆ ಬಿಡಬೇಕು. ಎಳೆದುಕೊಂಡದ್ದಕ್ಕಿಂತ ಬಿಡುವುದು ಉದ್ದ ಇರಲಿ, ಉಸಿರು ಬಿಡುವಾಗ ಎದೆ ಬಡಿತ ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ಆಮೇಲೆ ರ್‍ಯಾಕೆಟಿನ ಸ್ಟ್ರಿಂಗ್ ಸರಿಮಾಡುತ್ತಾ, ಅದು ಬೆರಳ ತುದಿಗೆ ಒತ್ತುವುದನ್ನು ಗಮನಿಸಬೇಕು. ಗ್ರಿಪ್ ಮೇಲೆ ಹೆಬ್ಬೆರಳು ಬಿಗಿದಿದೆಯಾ ನೋಡಿ ಸಡಿಲ ಬಿಡಬೇಕು. ಕೊನೆಗೆ ಶಟಲ್ ಗರಿ ಹಿಡಿದು, ಸರ್ವ್ ಎಲ್ಲಿ ಬೀಳಬೇಕೋ ಆ ಜಾಗವನ್ನಷ್ಟೇ ನೋಡಬೇಕು. ಗೆದ್ದ ಪಾಯಿಂಟ್ ಆದಮೇಲೂ ಇದೇ. ಸೋತಾಗ ಮಾತ್ರ ಮಾಡಿಸಿದರೆ ಮಕ್ಕಳು ಅದನ್ನು ಶಿಕ್ಷೆ ಅಂದುಕೊಳ್ಳುತ್ತಾರೆ.

ಪ್ರಾಕ್ಟೀಸ್ ಗೇಮನ್ನು ಆಗಾಗ 17-17ರಿಂದ ಶುರುಮಾಡಿಸಿ. ಪಕ್ಕದಲ್ಲಿ ನಾಲ್ಕು ಮಕ್ಕಳು ಕೂಗಾಡಲಿ. ಮ್ಯಾಚಿನಲ್ಲಿ 11 ಪಾಯಿಂಟಿಗೆ ಸಿಗುವ ಒಂದು ನಿಮಿಷದ ಬ್ರೇಕಿನಲ್ಲಿ ಕೋಚ್ ಒಂದೇ ಒಂದು ಮಾತು ಹೇಳಿದರೆ ಸಾಕು, ಉಳಿದ ಹೊತ್ತು ಅವಳು ನೀರು ಕುಡಿದು ಉಸಿರಾಡಲಿ. ಇನ್ನೊಂದು, ಬೇಜಾರು ಮಾಡಿಕೊಳ್ಳಬೇಡಿ. ಪ್ರತಿ ಪಾಯಿಂಟಿಗೂ ಗ್ಯಾಲರಿ ಕಡೆ ತಿರುಗಿ ಅಪ್ಪ ಅಮ್ಮನ ಮುಖ ನೋಡುವ ಮಕ್ಕಳನ್ನು ನಾನು ತುಂಬಾ ನೋಡಿದ್ದೇನೆ. ಅಲ್ಲಿ ನೀವು ತಲೆ ಚಚ್ಚಿಕೊಂಡರೆ ಅವಳ ಗಮನ ಕೋರ್ಟಿಗೆ ಬರುವುದು ಹೇಗೆ ಹೇಳಿ?

ಓಟಗಾರ, ಮೈಸೂರು

ಆಟ ಸುಧಾರಿಸುತ್ತಾ ಅಂತ ಕೇಳಿದ್ದೀರಿ. ಬಾಸ್ಕೆಟ್‌ಬಾಲ್ ಕೋಚ್ ಫಿಲ್ ಜಾಕ್ಸನ್ ಶಿಕಾಗೊ ಬುಲ್ಸ್ ತಂಡಕ್ಕೆ ಜಾರ್ಜ್ ಮಮ್‌ಫೋರ್ಡ್ ಎಂಬ ಧ್ಯಾನ ಶಿಕ್ಷಕರನ್ನು ಕರೆತಂದದ್ದು ಎಲ್ಲರೂ ಹೇಳುವ ಉದಾಹರಣೆ. ಆದರೆ ಆ ತಂಡದಲ್ಲಿ ಮೈಕೆಲ್ ಜೋರ್ಡನ್ ಅಂಥ ದಿಗ್ಗಜ ಆಟಗಾರ ಇದ್ದರು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಲ್ವಾ? ಸಂಶೋಧನೆಗಳಲ್ಲೂ ಹೆಚ್ಚಿನವು ಸಣ್ಣ ಗುಂಪುಗಳ ಮೇಲೆ ಮಾಡಿದವು. ಸ್ಕೋರ್ ಏರಿದ್ದು ಶೂಟಿಂಗ್, ಡಾರ್ಟ್ಸ್ ತರಹದ ಗುರಿ ಆಟಗಳಲ್ಲಿ ಹೆಚ್ಚು ಸ್ಪಷ್ಟವಾಗಿದೆ. ಬ್ಯಾಡ್ಮಿಂಟನ್‌ನಲ್ಲಿ ಸರ್ವ್ ಒಂದು ಹಾಗಿರುವ ಕೆಲಸ, ಆದ್ದರಿಂದ ಅಲ್ಲಿಂದ ಶುರುಮಾಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ನಾನೂ ಇದನ್ನು ಮಾಡಿದ್ದೇನೆ, 10 ಕಿಲೋಮೀಟರ್ ಓಟದಲ್ಲಿ ನನ್ನ ಟೈಮಿಂಗ್ ಅಷ್ಟೇನೂ ಇಳಿಯಲಿಲ್ಲ. ಏಳನೇ ಕಿಲೋಮೀಟರಿನ ಹೊತ್ತಿಗೆ "ಇನ್ನು ಆಗಲ್ಲ" ಅನ್ನಿಸಿದಾಗ ಭುಜ ಕಿವಿಯ ಹತ್ತಿರ ಏರಿರುವುದು ಈಗ ಗೊತ್ತಾಗುತ್ತದೆ, ಇಳಿಸಿಕೊಂಡು ಓಡುತ್ತೇನೆ. ಕಾಲು ದಣಿದ ನೋವು ಯಾವುದು, ಮಂಡಿಯೊಳಗೆ ಚುಚ್ಚುವ ನೋವು ಯಾವುದು ಅಂತ ಬೇರೆ ಮಾಡಿ ನೋಡುವುದೂ ಬಂದಿದೆ. ಎರಡನೆಯದು ಬಂದರೆ ನಿಲ್ಲಿಸುತ್ತೇನೆ.

ಕ್ರೀಡಾ ಮಕ್ಕಳ ಕೌನ್ಸೆಲರ್, ಧಾರವಾಡ

ಎಲ್ಲ ಮಕ್ಕಳಿಗೂ ಉಸಿರಿನ ಮೇಲೆ ಗಮನ ಇಡುವುದು ಹಿತವಲ್ಲ. ಕೆಲವರಿಗೆ ಗಮನಿಸಿದಷ್ಟೂ ಗಾಬರಿ ಏರುತ್ತದೆ. ಅಂಥವರಿಗೆ ಪಾದ ನೆಲಕ್ಕೆ ಒತ್ತುವುದನ್ನೋ, ಸುತ್ತಲಿನ ಸದ್ದನ್ನೋ ಗಮನಿಸಲು ಹೇಳಿ. ಟೂರ್ನಮೆಂಟಿಗೆ ವಾರ ಇರುವಾಗ ಹೊಸದಾಗಿ ಶುರುಮಾಡುವುದು ಬೇಡ. ಜಾನ್ ಕಬಾಟ್-ಝಿನ್ ಎಂಬ ಅಮೆರಿಕದವರ ಹೆಸರಾದ ಮೈಂಡ್‌ಫುಲ್‌ನೆಸ್ ಕಾರ್ಯಕ್ರಮವೇ 8 ವಾರದ್ದು. ಸೀಸನ್ ಇಲ್ಲದ ತಿಂಗಳುಗಳು ಇದಕ್ಕೆ ಒಳ್ಳೆಯ ಸಮಯ. ದಿನಕ್ಕೆ ಐದು ನಿಮಿಷ ಸಾಕು, ಮಗಳೇ ಹೊತ್ತು ಆರಿಸಿಕೊಳ್ಳಲಿ.

ಮ್ಯಾಚಿನ ಹಿಂದಿನ ರಾತ್ರಿ ನಿದ್ದೆ ಇಲ್ಲದಿರುವುದು, ವಾಂತಿ, ಆಡಲು ಹೋಗಲ್ಲ ಅಂತ ಅಳು, ಇವು ಆಗಾಗ ಕಂಡರೆ ಯೂಟ್ಯೂಬ್ ಸಾಲದು. ಮನಶ್ಶಾಸ್ತ್ರಜ್ಞರಿಗೆ ತೋರಿಸಿ. ಮೊದಲು ಫೋನಿನಲ್ಲಿ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.