ಅಪ್‌ಡೇಟ್: ಬಾಕ್ಸ್‌ಸ್ಟರ್ ಇಳಿಸಿದೆ, ಆದರೆ 20 ಮಿ.ಮೀ. ಮಾತ್ರ

ನನ್ನ ಹಳೇ ಪೋರ್ಷೆ ಬಾಕ್ಸ್‌ಸ್ಟರನ್ನು 40 ಮಿ.ಮೀ. ತಗ್ಗಿಸಿದರೆ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಹಿಡಿತ ಹಾಳಾಗುತ್ತಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಕೊನೆಗೆ 20ಕ್ಕೆ ನಿಲ್ಲಿಸಿದೆ. ಈ ಕಾರಿಗೆ ಮುಂದೆ, ಹಿಂದೆ ಎರಡೂ ಕಡೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಅದರ ಕುಲುಕಾಟ ತಡೆಯುವ ಡ್ಯಾಂಪರ್ ಒಂದೇ ಕಂಬದಲ್ಲಿರುವ ಸಸ್ಪೆನ್ಶನ್). ಜಾಸ್ತಿ ಇಳಿಸಿದರೆ ಚಕ್ರವನ್ನು ಗಾಡಿಗೆ ಜೋಡಿಸುವ ಕೆಳಗಿನ ಆರ್ಮ್‌ನ ಹೊರತುದಿ ಮೇಲೇರುತ್ತದೆ. ಆಗ ಗಾಡಿಯ ತೂಕದ ಕೇಂದ್ರಕ್ಕಿಂತ ರೋಲ್ ಸೆಂಟರ್ (ತಿರುವಿನಲ್ಲಿ ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಹೆಚ್ಚು ಕೆಳಗಿಳಿಯುತ್ತದೆ, ಎರಡರ ನಡುವಿನ ಅಂತರ ಹೆಚ್ಚುತ್ತದೆ. ಅಂದರೆ ಕಾರು ತಗ್ಗಿದ್ದರೂ ತಿರುವಿನಲ್ಲಿ ಇನ್ನೂ ಜಾಸ್ತಿ ವಾಲೋಕೆ ನೋಡುತ್ತದೆ. ವಿಚಿತ್ರ ಅಲ್ವಾ?

ಸ್ಪ್ರಿಂಗ್ ಕತ್ತರಿಸೋಣ ಅಂದ ಒಬ್ಬ ಮೆಕ್ಯಾನಿಕ್‌ಗೆ ಕೈಮುಗಿದು ಬಂದೆ. ಸ್ವಲ್ಪ ಗಟ್ಟಿ ಸ್ಪ್ರಿಂಗ್, ಅದಕ್ಕೆ ಹೊಂದುವ ಡ್ಯಾಂಪರ್, ಎರಡನ್ನೂ ಒಟ್ಟಿಗೇ ಹಾಕಿಸಿದೆ. ಸ್ಪ್ರಿಂಗ್ ಮೆತ್ತಗಿದ್ದರೆ ಸಸ್ಪೆನ್ಶನ್ ಪೂರ್ತಿ ಕುಗ್ಗದಂತೆ ತಡೆಯುವ ಬಂಪ್ ಸ್ಟಾಪ್‌ಗೆ ಬೇಗ ಬಡಿಯುತ್ತದೆ, ಹಿಡಿತ ತಪ್ಪೋದು ಅಲ್ಲೇ. ಆಮೇಲೆ ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ), ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಮತ್ತೆ ಹೊಂದಿಸಿದ್ದು. ಇದನ್ನು ಬಿಟ್ಟರೆ ಟೈರಿನ ಒಳಅಂಚು ಸುಮ್ನೆ ಸವೆದುಹೋಗುತ್ತದೆ.

ಈಗ ಕೊಟ್ಟಿಗೆಹಾರ ದಾಟಿ ಘಾಟಿ ಇಳಿಯುವಾಗ ತಿರುವಿನ ಮಧ್ಯೆ ಗುಂಡಿ ಸಿಕ್ಕರೂ ಸ್ಟಿಯರಿಂಗ್ ಎಳೆಯುವುದಿಲ್ಲ. ಊರೊಳಗಿನ ಹಂಪ್‌ಗಳನ್ನು ಮಾತ್ರ ಓರೆಯಾಗಿ ಹತ್ತಿಸಬೇಕು. ಮುಳ್ಳಯ್ಯನಗಿರಿಗೆ ಹೆಂಡತಿಯ ಆಲ್ಟೋನೇ ಸರಿ.